ಬಣ್ಣ ಬರುವವರೆಗೆ

"ಗುರುಗಳೇ, ಅರೆಮನಸ್ಸಿನಿಂದ ಕ್ಷಮೆ ಕೇಳಿದರೆ ಅದು ಮೋಸವಲ್ಲವೇ?" ಎಂದು ಅಡಿವೆಪ್ಪ ಕೇಳಿದ.

ಮಠಕ್ಕೆ ಬರುವ ಮೊದಲು ಅವನು ಅಣ್ಣನೊಂದಿಗೆ ಜಗಳವಾಡಿದ್ದ. ಆಡಬಾರದ ಮಾತು ಆಡಿದ್ದ. ಈಗ ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂದಿತ್ತು. "ಹೋಗಬೇಕೆಂದು ಇದೆ. ಆದರೆ ಒಳಗೆ ಇನ್ನೂ ಸಿಟ್ಟು ಉಳಿದಿದೆ. ಅದು ಪೂರ್ತಿ ಹೋಗಲಿ, ಮನಸ್ಸು ತಿಳಿಯಾಗಲಿ, ಆಮೇಲೆ ಹೋಗೋಣವೆಂದು ಇದ್ದೇನೆ" ಎಂದ.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನ ರೈಲು ನಿಲ್ದಾಣದ ಎದುರು ಟಿ.ವಿ. ರಿಪೇರಿ ಮಾಡುವವನೊಬ್ಬ ಇದ್ದ. ಹಳೆಯ ಪೆಟ್ಟಿಗೆಯಂಥ ಟಿ.ವಿ.ಗಳನ್ನು ಜನ ಗುಜರಿಗೆ ಹಾಕತೊಡಗಿದ ಮೇಲೂ ಅವನು ಅವನ್ನು ಬಿಚ್ಚಿ ಜೋಡಿಸುತ್ತಲೇ ಇದ್ದ. ಅರ್ಧ ಸರಿಯಾದ ವಸ್ತುವನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಹಾಗೆಂದು ಊರಲ್ಲಿ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೆ ಆಸೆಯೂ ಇತ್ತು.

ಅವನಿಗೊಬ್ಬ ಗೆಳೆಯ. ವಯಸ್ಸಿನಲ್ಲಿ ಹಿರಿಯ. ರಿಪೇರಿಯವನು ಆ ಊರಿಗೆ ಬರುವುದಕ್ಕೆ ಎಷ್ಟೋ ಮುಂಚೆ ಈ ಗೆಳೆಯ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದನಂತೆ. ಪಕ್ಕದಲ್ಲೇ ಹೊಲಿಗೆ ಕ್ಲಾಸು. ಅಲ್ಲಿ ಕಲಿಯುತ್ತಿದ್ದ ಹೆಣ್ಣೊಬ್ಬಳು ಗದ್ದಲ ತಾಳಲಾರದೆ ಒಂದು ದಿನ ಜಗಳಕ್ಕೆ ಬಂದಳು. ಪ್ಲಾಸ್ಟಿಕ್ ಬಂದೂಕು ಹಿಡಿದು ಪರದೆಯ ಮೇಲೆ ಹಾರುವ ಹಕ್ಕಿಗಳನ್ನು ಹೊಡೆಯುವ ಆಟ ಆಗ ನಡೆಯುತ್ತಿತ್ತು. ಅಂಗಡಿಯವನು ಬಂದೂಕನ್ನೇ ಅವಳ ಕೈಗೆ ಕೊಟ್ಟುಬಿಟ್ಟ. ಅವಳು ಒಂದು ಹಕ್ಕಿಯನ್ನೂ ಬಿಡಲಿಲ್ಲ. ಮರುದಿನವೂ ಜಗಳಕ್ಕೆ ಬಂದಳು. ಅದರ ಮರುದಿನವೂ ಬಂದಳು. ಮುಂದೆ ಅವರಿಬ್ಬರಿಗೂ ಮದುವೆಯಾಯಿತು.

ಕಾಲ ಕಳೆಯಿತು. ಅಂತಹ ಆಟ ಆಡುವವರು ಇಲ್ಲವಾದರು, ಅಂಗಡಿ ಮುಚ್ಚಿತು. ಬಂದೂಕಿನ ಸಮೇತ ಆಟದ ಯಂತ್ರವನ್ನು ಮಾತ್ರ ಗಂಡ ಹೆಂಡತಿ ಮಾರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಗೆಳೆಯ ಯಂತ್ರವನ್ನು ಎದೆಗವಚಿಕೊಂಡು ರಿಪೇರಿಯವನ ಅಂಗಡಿಗೆ ಬಂದ.

"ಇದನ್ನು ನಮ್ಮ ಮನೆ ಟಿ.ವಿ.ಗೆ ಸೇರಿಸಿ ಕೊಡಬೇಕಲ್ಲಪ್ಪ. ನಡುವೆ ಒಂದು ಡಬ್ಬಿ ಇತ್ತು, ಅದು ಸುಟ್ಟುಹೋಗಿದೆ" ಎಂದ.

"ಈಗ ಯಾಕಣ್ಣ ಇದು?"

"ಡಾಕ್ಟರು ನನ್ನ ಕಣ್ಣು ಉಳಿಯುವುದಿಲ್ಲ ಅಂದರು. ಆಗಲೇ ಅಂಚಿನಿಂದ ಕತ್ತಲಾಗುತ್ತಾ ಬರುತ್ತಿದೆ. ಅಷ್ಟರೊಳಗೆ ಇವಳು ಹಕ್ಕಿ ಹೊಡೆಯುವುದನ್ನು ಇನ್ನೊಂದು ಸಲ ನೋಡಿಬಿಡಬೇಕು."

ಈ ಮನುಷ್ಯನಿಗೆ ತನ್ನ ಕೈಯಿಂದ ಆಗುವ ಅತ್ಯುತ್ತಮ ಕೆಲಸವನ್ನೇ ಮಾಡಿಕೊಡಬೇಕು ಎಂದು ರಿಪೇರಿಯವನು ಅಂದುಕೊಂಡ. ಅವನಲ್ಲಿ ಕಪಟವಿರಲಿಲ್ಲ. ಪ್ರೀತಿಯಿಂದಲೇ ಹಾಗೆ ಅಂದುಕೊಂಡ.

ಹೊಸ ಟಿ.ವಿ.ಗೆ ಜೋಡಿಸುವುದು ಸುಲಭವಿತ್ತು. ಆದರೆ ಆ ಬಂದೂಕು ಹಳೆಯ ಪಿಕ್ಚರ್ ಟ್ಯೂಬಿನ ಬೆಳಕನ್ನು ಮಾತ್ರ ಗುರುತಿಸುತ್ತದೆ, ಹೊಸ ಪರದೆಯ ಎದುರು ಅದು ಬರೀ ಆಟಿಕೆ. ಗೆಳೆಯನ ಮನೆಯಲ್ಲಿದ್ದದ್ದು ಹಳೆಯ ಕಲರ್ ಟಿ.ವಿ. ಅದರ ಹಿಂದೆ ಆಂಟೆನಾದ ತೂತು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಯಂತ್ರದ ಚಿತ್ರವನ್ನು ಆ ತೂತಿನೊಳಗೆ ಕಳಿಸುವಂಥ ಡಬ್ಬಿಯೊಂದನ್ನು ರಿಪೇರಿಯವನು ಹೊಸದಾಗಿ ಕಟ್ಟಲು ಕುಳಿತ. ತನ್ನ ಅಂಗಡಿಯಲ್ಲಿದ್ದ ಅದೇ ಬಗೆಯ ಟಿ.ವಿ. ಮುಂದಿಟ್ಟುಕೊಂಡ.

ವಾರ ತುಂಬುವ ಮೊದಲೇ ಚಿತ್ರ ಬಂತು. ಮೊದಲು ಉರುಳಿತು, ತಿರುಪು ತಿರುಗಿಸಿದ ಮೇಲೆ ನಿಂತಿತು. ಬಂದೂಕು ಹಿಡಿದು ಒತ್ತಿದ. ಹಕ್ಕಿ ಬಿತ್ತು. ಆದರೆ ಬಣ್ಣವಿರಲಿಲ್ಲ. ಎಲ್ಲವೂ ಕಪ್ಪು ಬಿಳುಪು.

ಯಂತ್ರ ಹೊರದೇಶದ್ದು, ಟಿ.ವಿ. ಇಲ್ಲಿಯದು. ಅದು ಬಣ್ಣವನ್ನು ಹೇಳುವ ರೀತಿಯೇ ಬೇರೆ, ಇದು ತಿಳಿದುಕೊಳ್ಳುವ ರೀತಿಯೇ ಬೇರೆ. ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ಕೆಲಸ ಬಾಕಿ ಇತ್ತು. ಕಣ್ಣು ಹೋಗುವ ಮನುಷ್ಯನಿಗೆ ಬಣ್ಣವಿಲ್ಲದ ಚಿತ್ರ ಕೊಡುವುದೇ ಎಂದು ಅವನಿಗೆ ಅನಿಸಿತು. ಟಿ.ವಿ. ಆರಿಸಿ, ಮೇಲೆ ಬಟ್ಟೆ ಮುಚ್ಚಿದ.

ಎರಡು ದಿನ ಬಿಟ್ಟು ಗೆಳೆಯ ಬಂದು ಬಾಗಿಲಲ್ಲಿ ನಿಂತ. "ಬಂತೇನಪ್ಪಾ?"

"ಇನ್ನೂ ಇಲ್ಲ ಅಣ್ಣ."

"ಸ್ವಲ್ಪವೂ ಬಂದಿಲ್ಲವಾ?"

"ಇಲ್ಲ" ಎಂದ ರಿಪೇರಿಯವನು.

ಬೇಕಾದ ಬಿಡಿಭಾಗ ಊರಲ್ಲಿ ಸಿಗಲಿಲ್ಲ. ಹೊರಗಿನಿಂದ ತರಿಸಿದ. ಬಣ್ಣ ಬಂತು, ಆದರೆ ಆಕಾಶ ನೇರಳೆಯಾಯಿತು, ಹುಲ್ಲು ಕಂದು ಬಣ್ಣಕ್ಕೆ ತಿರುಗಿತು. ಬಿಚ್ಚಿದ. ಮತ್ತೆ ಜೋಡಿಸಿದ. ಆಕಾಶ ಸರಿಯಾದಾಗ ಹಕ್ಕಿಗಳ ಸುತ್ತ ಕೆಂಪು ಹರಡಿಕೊಂಡಿತು. ಮಳೆಗಾಲ ಹಿಡಿಯಿತು. ಮೊದಮೊದಲು ಗೆಳೆಯ ಒಬ್ಬನೇ ನಡೆದು ಬರುತ್ತಿದ್ದ. ಆಮೇಲೆ ಹೆಂಡತಿಯ ತೋಳು ಹಿಡಿದು ಬಂದ. ಆಮೇಲೆ ಬರುವುದು ನಿಂತಿತು. ರಿಪೇರಿಯವನಿಗೆ ಅದು ಗೊತ್ತಾಗದೆ ಇರಲಿಲ್ಲ. ಆದರೆ ದಿನವೂ ಬಂದು ಕೇಳುವವರಿಲ್ಲದ್ದು ಅವನಿಗೆ ಒಳಗೊಳಗೇ ಹಗುರವಾಯಿತು. ಮುಗಿಸಿಯೇ ಹೋಗುತ್ತೇನೆ, ಒಮ್ಮೆಲೇ ತೋರಿಸುತ್ತೇನೆ ಎಂದುಕೊಂಡ.

ದಸರಾ ಹತ್ತಿರ ಬಂದಾಗ ಬಣ್ಣ ಸರಿಯಾಯಿತು. ಆಕಾಶ ನೀಲಿ, ಹುಲ್ಲು ಹಸಿರು, ಹಕ್ಕಿಯ ಕೊರಳು ಹೊಳೆಯುವ ಹಸಿರು. ಇಂಥ ಕೆಲಸ ತನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ ಎಂದು ಅವನಿಗೇ ಅನಿಸಿತು. ಅವತ್ತೇ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಗೆಳೆಯನ ಮನೆಗೆ ಹೋದ.

ಗೆಳೆಯ ದನಿ ಕೇಳಿ ಎದ್ದು ನಿಂತ. ಗೋಡೆ ತಡಕಿಕೊಂಡು ಬಂದ. ರಿಪೇರಿಯವನು ಮುಂದೆ ನಿಂತಿದ್ದ, ಗೆಳೆಯ ಅವನ ಪಕ್ಕದ ಖಾಲಿ ಜಾಗ ನೋಡಿ ನಕ್ಕ.

"ಬಾರಪ್ಪ. ಬಂತಾ?"

"ಬಂತಣ್ಣ" ಎಂದ. ಅವನಿಗೆ ತಿರುಗಿ ಹೋಗಿಬಿಡಬೇಕೆನಿಸಿತು. ಆದರೆ ಹೆಂಡತಿ ಆಗಲೇ ಟಿ.ವಿ. ಮೇಲಿನ ಧೂಳು ಒರೆಸುತ್ತಿದ್ದಳು.

ಅವನು ಜೋಡಿಸಿದ. ಚಿತ್ರ ಬಂತು. ಗೆಳೆಯ ಕುರ್ಚಿ ತರಿಸಿ ಕುಳಿತ. ಕುರ್ಚಿ ಟಿ.ವಿ. ಕಡೆಗಿರಲಿಲ್ಲ, ಬಂದೂಕು ಹಿಡಿದು ನಿಂತ ಹೆಂಡತಿಯ ಕಡೆಗಿತ್ತು. ತಿರುಗಿಸಲೇ ಎಂದು ರಿಪೇರಿಯವನು ಕುರ್ಚಿಯ ಮೇಲೆ ಕೈ ಇಟ್ಟ.

"ಬೇಡ. ಹೀಗೇ ಇರಲಿ. ಅವತ್ತೂ ನಾನು ಹೀಗೇ ಕೂತಿದ್ದೆ" ಎಂದ ಗೆಳೆಯ.

ಅವಳು ಆಡಿದಳು. ವಯಸ್ಸಾಗಿದ್ದರೂ ಕೈ ನಡುಗಲಿಲ್ಲ. ಒತ್ತಿದಾಗಲೆಲ್ಲ ಹಕ್ಕಿ ಬೀಳುವ ಸದ್ದು ಬರುತ್ತಿತ್ತು. ಪ್ರತಿ ಸದ್ದಿಗೂ ಗೆಳೆಯ ತಲೆದೂಗಿದ. ಆಮೇಲೆ ರಿಪೇರಿಯವನ ತೋಳು ಹುಡುಕಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಮೆಲ್ಲನೆ ಕೇಳಿದ.

"ನಗ್ತಾ ಇದ್ದಾಳಾ?"

ರಿಪೇರಿಯವನು ಅವಳ ಮುಖ ನೋಡಿದ. ಪರದೆಯ ನೀಲಿ ಬೆಳಕಿನಲ್ಲಿ ಅವಳ ಕೆನ್ನೆ ಎರಡೂ ಒದ್ದೆಯಾಗಿದ್ದವು. ಅವಳು ತುಟಿ ಕಚ್ಚಿ ಹಿಡಿದು, ಸದ್ದು ಮಾಡದೆ, ಗುರಿ ತಪ್ಪದೆ ಹೊಡೆಯುತ್ತಲೇ ಇದ್ದಳು.

"ನಗ್ತಾ ಇದ್ದಾಳಣ್ಣ" ಎಂದ.

ಗೆಳೆಯನೂ ನಕ್ಕ.

ಹೊರಡುವಾಗ ಹೆಂಡತಿ ಹೊಸಿಲವರೆಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು. "ನೀವು ತುಂಬಾ ಕಷ್ಟಪಟ್ಟಿರಿ" ಎಂದಳು. "ನಮ್ಮ ಅಂಗಡಿಯಲ್ಲಿ ಇದ್ದದ್ದು ಕಪ್ಪು ಬಿಳುಪು ಟಿ.ವಿ. ಆ ಹಕ್ಕಿಗಳಿಗೆ ಬಣ್ಣ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಇವತ್ತೇ ಮೊದಲ ಸಲ ನೋಡಿದೆ. ಎಷ್ಟು ಚೆನ್ನಾಗಿವೆ."

ಅವಳು ಮನಸಾರೆ ಹೇಳಿದಳು. ಅವಳಿಗೆ ಬೇರೇನೂ ತಿಳಿದಿರಲಿಲ್ಲ.

ರಿಪೇರಿಯವನು ಚಪ್ಪಲಿ ಮೆಟ್ಟಿಕೊಂಡವನು ಹಾಗೆಯೇ ನಿಂತ. ಯುಗಾದಿಯ ತಿಂಗಳಲ್ಲೇ ಚಿತ್ರ ಬಂದಿತ್ತು ಎಂದು ಹೇಳಲು ಬಾಯಿ ತೆರೆದ. ಒಳಗಿನಿಂದ ಗೆಳೆಯ, "ಇನ್ನೊಂದಾಟ ಆಡೇ" ಎಂದು ಹೆಂಡತಿಯನ್ನು ಕರೆದ. ಅವಳು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಕೇಳಿದ.

"ಆಮೇಲಾದರೂ ಅವನು ಗೆಳೆಯನಿಗೆ ನಿಜ ಹೇಳಿದನೇ?"

"ಇಲ್ಲ. ಅದಕ್ಕೂ ತಕ್ಕ ಸಮಯ ಬರಲಿ ಎಂದು ಕಾಯುತ್ತಿದ್ದಾನೆ."