ಕಾವಲಿಯಿಂದ ನೇರ ತಟ್ಟೆಗೆ

ಗಂಡನ ದೊಡ್ಡಪ್ಪ ಮನೆಗೆ ಬಂದರೆಂದರೆ ಪಂಕಜಳಿಗೆ ಬೆಳಗಾಗುವುದೇ ಬೇಡ ಅನಿಸುತ್ತಿತ್ತು. ಮಕ್ಕಳಿಗೆ ಜಡೆ ಹಾಕಬೇಕು, ಡಬ್ಬಿ ಕಟ್ಟಬೇಕು, ತಾನೂ ಕೆಲಸಕ್ಕೆ ಬಸ್ಸು ಹಿಡಿಯಬೇಕು. ದೊಡ್ಡಮಾವ ಮಾತ್ರ ಹಜಾರದಲ್ಲಿ ಕೂತು ತೀರ್ಪು ಕೊಡುತ್ತಿದ್ದರು.

"ಇದೂ ತಣ್ಣಗಾಗಿದೆಯಲ್ಲಮ್ಮ. ದೋಸೆ ಅಂದರೆ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕು."

ಮಾರನೆಯ ದಿನ ಪಂಕಜ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿದಳು. "ಇಲ್ಲೇ ಕೂತ್ಕೊಳ್ಳಿ ಮಾವ, ನೇರ ಬೀಳತ್ತೆ."

ಮಾವ ಗತ್ತಿನಿಂದ ಕೂತರು. ಪಂಕಜ ಬೇಕೆಂದೇ ಎಣ್ಣೆ ಸವರದೆ ಹಿಟ್ಟು ಹೊಯ್ದಳು. ದೋಸೆ ಕಾವಲಿಗೆ ಅಂಟಿಕೊಂಡು ಏಳಲೇ ಇಲ್ಲ.

"ಅಯ್ಯೋ, ಮೊದಲು ಅರ್ಧ ಈರುಳ್ಳಿ ಎಣ್ಣೆಗೆ ಅದ್ದಿ ಉಜ್ಜಬೇಕು!"

"ಹೇಗೆ ಮಾವ? ಒಂದ್ಸಲ ತೋರಿಸಿಬಿಡಿ."

ಮಾವ ಎದ್ದು ಕಾವಲಿ ಕೆರೆದು, ಈರುಳ್ಳಿ ಉಜ್ಜಿ ತೋರಿಸಿದರು. ಉಜ್ಜಿದವರು ಸುಮ್ಮನಿರಲು ಆದೀತೇ? ಸೌಟನ್ನೂ ತಾವೇ ಕೇಳಿ ಇಸಿದುಕೊಂಡರು. ದೋಸೆ ಗರಿಗರಿಯಾಗಿ ಎದ್ದಿತು. ಮಕ್ಕಳು ತಟ್ಟೆ ಬಡಿದರು: "ತಾತನ ದೋಸೆ, ಇನ್ನೊಂದು!"

ಅಷ್ಟೇ, ಮಾವ ಪಂಚೆ ಎತ್ತಿ ಕಟ್ಟಿದರು. "ನಿಮ್ಮ ದೊಡ್ಡತ್ತೆ ಒಂದು ದಿನವೂ ನನ್ನನ್ನು ಒಲೆ ಹತ್ತಿರ ಬಿಡಲಿಲ್ಲ ನೋಡು," ಎಂದು ಹೊಯ್ಯುತ್ತಲೇ ಹೋದರು.

ಪಂಕಜ ಜಡೆ ಮುಗಿಸಿದಳು. ಡಬ್ಬಿ ಮುಚ್ಚಿದಳು. ಆಮೇಲೆ ಮೆಲ್ಲಗೆ ಆ ಕುರ್ಚಿಯಲ್ಲಿ ತಾನೇ ಕೂತಳು. ಮದುವೆಯಾದ ಮೇಲೆ ಮೊದಲ ಸಲ ಅವಳ ತಟ್ಟೆಗೆ ಹೊಗೆಯಾಡುವ ದೋಸೆ ಬಿತ್ತು. ಒಂದು ತುಂಡು ಮುರಿದು ಬಾಯಿಗಿಟ್ಟು, ತಲೆ ಅಲ್ಲಾಡಿಸಿದಳು.

"ಇದು ಸ್ವಲ್ಪ ತಣ್ಣಗಾಗಿದೆಯಲ್ಲ ಮಾವ."

"ಹೌದಾ? ತಾಳಮ್ಮ, ಇನ್ನೊಂದು ಬಂದೇ ಬಿಡ್ತು!" ಎಂದು ಮಾವ ಒಲೆಯ ಉರಿ ಏರಿಸಿದರು.