ಸೂಜಿಯೊಳಗಿನ ಪಾಲುದಾರರು

ಕಂಪೌಂಡರ್ ಭರಮಪ್ಪನ ತಟ್ಟೆಯಲ್ಲಿದ್ದ ಇಂಜೆಕ್ಷನ್ ಸೂಜಿಯೊಳಗೆ, ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್‌ನ ಎರಡು ತಳಿಗಳು, ವೈದ್ಯರು ಒಂದನೇ ಮತ್ತು ಮೂರನೇ ಎಂದು ಸಂಖ್ಯೆ ಕೊಟ್ಟವು, ದೇಶವನ್ನು ಪಾಲು ಮಾಡಿಕೊಳ್ಳಲು ಜಗಳಾಡುತ್ತಿದ್ದವು.

"ಈ ದೇಶದಲ್ಲಿ ಹೆಚ್ಚು ಜನ ನನ್ನವರು," ಎಂದಿತು ಮೂರನೇ ತಳಿ.

"ದಕ್ಷಿಣ ನನ್ನದು. ಅಲ್ಲಿಗೆ ಕಾಲಿಟ್ಟೀಯೆ ಜೋಕೆ," ಎಂದಿತು ಒಂದನೇ ತಳಿ.

ಭರಮಪ್ಪ ಸೂಜಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಜ್ವರವೆಂದು ಬಂದಿದ್ದ ತಾಯವ್ವನ ತೋಳು ಹಿಡಿದ.

ಹತ್ತಿ ಕೂಗಿತು: "ಸೂಜಿಯಣ್ಣ, ನಿಲ್ಲು! ನಾನು ಒರೆಸಿದ್ದು ನಿನ್ನ ಹೊರಮೈ ಮಾತ್ರ. ಒಳಗೆ ಅವರಿದ್ದಾರೆ."

"ಹೊಳೆಯುತ್ತಿದ್ದೇನಲ್ಲ, ಇನ್ನೇನು ಬೇಕು?" ಎಂದಿತು ಸೂಜಿ.

ಒಳಗಿನ ಜಗಳ ತಟ್ಟನೆ ನಿಂತಿತು. "ಮೊದಲು ಇವಳೊಳಗೆ ಹೋಗೋಣ. ಪಾಲು ಆಮೇಲೆ," ಎಂದವು ತಳಿಗಳೆರಡೂ ಒಟ್ಟಿಗೆ.

ಚುಚ್ಚಿದ ಮೇಲೆ ಭರಮಪ್ಪ, ಕೊಳೆಯಾಯಿತೆಂದು ಹತ್ತಿಯನ್ನು ಬುಟ್ಟಿಗೆಸೆದ. ಸೂಜಿಯನ್ನು ಮತ್ತೆ ತಟ್ಟೆಯಲ್ಲಿಟ್ಟು, "ಮುಂದಿನವರು ಬರ್ರಿ," ಎಂದ.