ಶಿಷ್ಯನ ಎಲೆಯಲ್ಲಿ ಉಂಡ ವಸ್ತಾದ್

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ. ಬಿಟ್ಟರೆ, ನಾನು ಹೇಳೇ ಇಲ್ಲ ಅಂತ ಕರ್ಪೂರ ಹಚ್ಚಿ ಆಣೆ ಮಾಡಿಬಿಡ್ತೀನಿ.

ಹೊಳೆದಂಡೆಯ ಗರಡಿಮನೆಗೆ ಮರಿನಿಂಗಯ್ಯ ಅಂತ ವಸ್ತಾದ್. ಕುಸ್ತಿ ಕಲಿಸುವ ಗುರು, ನಮ್ಮ ಪಕ್ಕದ ಮನೆಯವರೇ. ಅವರು ಶಿಷ್ಯನ ಎಂಜಲೆಲೆ ಮುಂದೆ ಕೂತು ಉಂಡರು. ಕಣ್ಣಾರೆ ಕಂಡಿದ್ದೇನೆ.

ಶಿಷ್ಯನ ಹೆಸರು ಜವರ. ಹೋದ ವರ್ಷದ ದಸರಾದಲ್ಲಿ ಅವನ ಮಾನ ಹೋಯಿತು. ಗೌರಿಹಬ್ಬದಿಂದ ಹಿಡಿದು ಕಂಡಕಂಡವರ ಮನೆಯ ಕಡುಬು, ಕಜ್ಜಾಯ ತಿಂದು ಉಬ್ಬಿಕೊಂಡಿದ್ದ. ಕುಸ್ತಿಗೆ ತೂಕ ನೋಡಿ ಜೋಡಿ ಕಟ್ಟುತ್ತಾರಲ್ಲ, ಇವನಿಗೆ ಆನೆಯಂಥವನು ಗಂಟುಬಿದ್ದ. ನಾನು ಎಲೆಅಡಿಕೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಇವನ ಬೆನ್ನು ಮಣ್ಣು ಮುಟ್ಟಿತ್ತು. ಅವರವ್ವ ಮುಂದೆಯೇ ಕೂತು ನೋಡುತ್ತಿದ್ದಳು, ಪಾಪ. ಸಂಕ್ರಾಂತಿ ಹೊತ್ತಿಗೆ ತೀರಿಕೊಂಡಳು.

ಈ ವರ್ಷ ತೂಕ ಮೀರಿದರೆ ಗರಡಿಗೆ ಕಾಲಿಡುವುದೇ ಇಲ್ಲ ಅಂತ ಹುಡುಗ ಹಟ ತೊಟ್ಟ. ಅರ್ಧ ಉಣ್ಣು ಅಂತ ವಸ್ತಾದ್ ಹೇಳಿದರೆ ಇವನು ಅನ್ನವನ್ನೇ ಬಿಟ್ಟ. ನೀರುಮಜ್ಜಿಗೆಯಲ್ಲಿ ದಿನ ದೂಡಿದ. ಮಟಮಟ ಮಧ್ಯಾಹ್ನ ಕಂಬಳಿ ಸುತ್ತಿಕೊಂಡು ಹೊಳೆದಂಡೆಯಲ್ಲಿ ಓಡಿದ. ಹಬ್ಬದ ತಿಂಡಿ ಅಗಿದು ಉಗಿಯುತ್ತಾನೆ ಅಂತಲೂ ಸುದ್ದಿ. ಸುದ್ದಿ ಅಂದರೆ, ನಾನೇ ಗೋಡೆ ಮೇಲಿಂದ ಇಣುಕಿ ನೋಡಿದ್ದು. ಕೆನ್ನೆ ಗುಳಿಬಿದ್ದಿತ್ತು.

ಪಿತೃಪಕ್ಷ ಬಂತು. ಅವ್ವನಿಗೆ ಮೊದಲ ಎಡೆ. ಸತ್ತವಳಿಗೆ ಇಷ್ಟವಾದದ್ದನ್ನೆಲ್ಲ ಜವರನ ಅಕ್ಕ ಸಾಕಮ್ಮ ಮಾಡಿಟ್ಟಿದ್ದಳು. ಎಡೆಗೆ ಇಟ್ಟದ್ದನ್ನು ಮೊದಲು ಮಗ ಉಣ್ಣಬೇಕು, ಆಮೇಲೆ ಉಳಿದವರು. ನಾವೆಲ್ಲ ಎಲೆ ಮುಂದೆ ಕೂತು ಕಾದೆವು.

ಜವರ ಹೋಳಿಗೆ ಮುರಿದ. ತುಟಿಗೆ ತಾಗಿಸಿದ. ವಾಪಸ್ ಇಟ್ಟು ಎದ್ದುಬಿಟ್ಟ.

ಸಾಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನಂತೂ ಇದನ್ನು ಮೊದಲು ಯಾರ ಮನೆಯಲ್ಲಿ ಹೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ.

ನೋಡಿದರೆ ಬಾಗಿಲಲ್ಲಿ ವಸ್ತಾದ್ ನಿಂತಿದ್ದಾರೆ.

"ಮುಂದಿನ ವಾರ ತೂಕ, ವಸ್ತಾದ್ರೇ," ಅಂದ ಜವರ. "ಇದನ್ನ ಉಂಡರೆ ನಾನು ಕೆಟ್ಟೆ."

ವಸ್ತಾದ್ ಕಾಲು ತೊಳೆದು ಒಳಗೆ ಬಂದು, ಅವನು ಬಿಟ್ಟೆದ್ದ ಎಲೆಯ ಮುಂದೆ ಕೂತರು.

ಹುಡುಗ ಓಡಿಬಂದು ಕಾಲು ಹಿಡಿದ. "ಬೇಡಿ, ಅದು ನನ್ನ ಎಂಜಲು."

"ನಿಮ್ಮವ್ವನ ಎಡೆ," ಅಂದರು. ಎಲೆಗೆ ಕೈ ಹಾಕಿದರು.

ಅನ್ನ, ಹುಳಿ, ಪಲ್ಯ, ಪಾಯಸ, ಒಂದಗುಳೂ ಬಿಡದೆ ಉಂಡರು. ಅವಸರವಿಲ್ಲ. ದೇವರಿಗೆ ಹೂವಿಡುವವರ ಹಾಗೆ ಒಂದೊಂದು ತುತ್ತು. ನನ್ನ ನಾಲಿಗೆ, ಇಂಥ ನಾಲಿಗೆ, ಬಾಯಲ್ಲೇ ಅಂಟಿಕೊಂಡಿತ್ತು.

ಕೊನೆಗೆ ಆ ಮುರಿದ ಹೋಳಿಗೆಯ ತುಂಡು ಉಳಿಯಿತು. ಅದನ್ನು ಶಿಷ್ಯನ ಬಾಯಿಗೆ ಹಿಡಿದರು.

ಅಳುತ್ತಲೇ ತಿಂದ. ತಿಂದದ್ದೇ ತಡ, ಅಷ್ಟು ದಿನದ ಹಸಿವು ಎದ್ದು ನಿಂತಿತು ನೋಡಿ, ಹೋಳಿಗೆ ಬುಟ್ಟಿಗೆ ಕೈ ಚಾಚಿದ.

ವಸ್ತಾದ್ ಆ ಕೈ ಹಿಡಿದರು. "ಈಗ ಸಾಕು ಅನ್ನು."

"ಇಷ್ಟು ದಿನ ಬೇಡ ಬೇಡ ಅಂತಲೇ ಇದ್ದೆನಲ್ಲ."

"ಬೇಡ ಅನ್ನೋದು ಸುಲಭ ಕಣೋ. ಸಾಕು ಅನ್ನು."

ಹುಡುಗ ಬುಟ್ಟಿ ನೋಡಿದ. ಅಕ್ಕನ ಮುಖ ನೋಡಿದ. ಅಷ್ಟು ಚಿಕ್ಕ ಮಾತು ಹೊರಡಿಸಲು ಅವನು ಪಟ್ಟ ಪಾಡನ್ನು ಅಖಾಡದಲ್ಲೂ ಪಟ್ಟಿರಲಿಕ್ಕಿಲ್ಲ. "ಸಾಕು" ಅಂದ.

ಅಂದಿನಿಂದ ಅಕ್ಕನ ಪಕ್ಕ ಕೂತು, ಬಡಿಸಿದ್ದರಲ್ಲಿ ಸ್ವಲ್ಪ ಉಂಡು, ಸಾಕು ಅಂತ ಏಳುತ್ತಿದ್ದ. ತೂಕ ಸರಿಬಂತು, ಸರಿಜೋಡಿ ಸಿಕ್ಕಿತು. ದಸರಾದಲ್ಲಿ ಈ ಸಲ ಮಣ್ಣು ಕಂಡದ್ದು ಎದುರಾಳಿಯ ಬೆನ್ನು.

ಬೀದಿಯಲ್ಲಿ ಮಾತೋ ಮಾತು. ವಸ್ತಾದ್ ಅವಧೂತರೇ ಸರಿ ಅಂತ ಕೆಲವರು, ಹೊಟ್ಟೆಬಾಕ ಅಂತ ಕೆಲವರು. ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಅವರು ನೀರು ಸೇದುವಾಗ ಅಡ್ಡ ನಿಂತು ಕೇಳಿಯೇಬಿಟ್ಟೆ: ಗುರುವಾದವರು ಶಿಷ್ಯನ ಎಂಜಲು ಉಂಡಿರಲ್ಲ, ಅದರ ಒಳ ಅರ್ಥ ಏನು ಅಂತ.

ಹಗ್ಗ ಬಿಡದೆ, ನನ್ನ ಮುಖ ನೋಡಿಯೇ ಹೇಳಿದರು:

"ಹಸಿವಾಗಿತ್ತು ತಾಯವ್ವ. ಹುಡುಗ ಅನ್ನ ಬಿಟ್ಟ ದಿನದಿಂದ ನಾನೂ ಉಂಡಿರಲಿಲ್ಲ."